ಮುಸ್ತಾಫಿಜುರ್ ಕಟರ್ ಮೊಂಡಾಗಿದ್ದು ಭುಜದಿಂದಲೋ, ಪಿಚ್‌ನಿಂದಲೋ?

ಹಳೇಚೆಂಡು (ಪ್ರಶ್ನೆ)

ಬಾಂಗ್ಲಾದೇಶದ ಎಡಗೈ ವೇಗಿ ಮುಸ್ತಾಫಿಜುರ್ ರಹಮಾನ್ ಬಗ್ಗೆ ಚೆನ್ನಾಗಿ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. 2015ರ ಜೂನ್‌ನಲ್ಲಿ ಮೀರ್‌ಪುರದಲ್ಲಿ ಭಾರತದ ಎದುರು ಏಕದಿನಕ್ಕೆ ಕಾಲಿಟ್ಟವರು ಮೂರೇ ಪಂದ್ಯದಲ್ಲಿ 13 ವಿಕೆಟ್ ತೆಗೆದರು. ಮರುವರ್ಷ ಅವರಿದ್ದ ಸನ್‌ರೈಸರ್ಸ್ ಹೈದರಾಬಾದ್ ಐಪಿಎಲ್ ಕಪ್ ಗೆದ್ದಾಗ 16 ಪಂದ್ಯಕ್ಕೆ 17 ವಿಕೆಟ್, ಓವರಿಗೆ ಏಳು ರನ್ ಕೂಡ ಕೊಟ್ಟಿರಲಿಲ್ಲ. ಆಮೇಲೆ ಭುಜದ ಶಸ್ತ್ರಚಿಕಿತ್ಸೆ ಆಯಿತು. ಅಲ್ಲಿಂದಾಚೆಗೆ ಒಂದು ದಿನ ಅವರನ್ನು ಮುಟ್ಟೋಕೇ ಆಗಲ್ಲ, ಇನ್ನೊಂದು ದಿನ ನಾಲ್ಕು ಓವರಿಗೆ ಐವತ್ತು ಹೊಡೆಸಿಕೊಳ್ಳುತ್ತಾರೆ.

ಕೇಳಬೇಕಾದ್ದು ಮೂರು. ಅವರ ಕಟರ್, ಅಂದರೆ ಬೆರಳಿನಿಂದ ಸುತ್ತು ಕೊಟ್ಟು ಹಾಕುವ ನಿಧಾನದ ಚೆಂಡು, ಬೇರೆಯವರ ಸ್ಲೋ ಬಾಲ್‌ಗಿಂತ ನಿಜವಾಗಿ ಹೇಗೆ ಬೇರೆ? ಶಸ್ತ್ರಚಿಕಿತ್ಸೆ ಅವರನ್ನು ಮುಗಿಸಿತು ಅನ್ನೋ ಮಾತು ಎಷ್ಟು ಸರಿ? ಕೊನೆಯದಾಗಿ, 15-16 ವಯಸ್ಸಿನ ಎಡಗೈ ಹುಡುಗರಿಗೆ ಅದನ್ನು ಕಲಿಸೋದಾದರೆ ಯಾವ ಕ್ರಮದಲ್ಲಿ ಕಲಿಸಬೇಕು, ಎಲ್ಲಿ ಕೆಡುತ್ತೆ?

ಓವರ್_ದಿ_ವಿಕೆಟ್

ಮೊದಲ ಪ್ರಶ್ನೆಗೆ ಹೇಳ್ತೀನಿ, ಏಕೆಂದರೆ ಇದು ಅರ್ಥವಾಗದೆ ಉಳಿದಿದ್ದು ಅರ್ಥವಾಗಲ್ಲ.

ಎಡಗೈ ವೇಗಿ ಓವರ್ ದಿ ವಿಕೆಟ್ (ಚೆಂಡು ಹಾಕುವ ಕೈ ಸ್ಟಂಪ್ ಕಡೆ ಇರುವಂತೆ) ಬಂದರೆ ಚೆಂಡು ಬಲಗೈ ಬ್ಯಾಟರ್‌ನ ಮುಂದೆ ಅಡ್ಡಡ್ಡ, ಆಫ್ ಕಡೆಗೆ ಹೋಗುತ್ತೆ. ಅದು ಸಹಜ ಕೋನ. ಮುಸ್ತಾಫಿಜುರ್ ಅವರ ಆಫ್ ಕಟರ್ ಬಿದ್ದ ಮೇಲೆ ಅದೇ ದಿಕ್ಕಿಗೆ ಇನ್ನಷ್ಟು ತಿರುಗುತ್ತೆ, ಎಡಗೈ ಸ್ಪಿನ್ನರ್ ಚೆಂಡು ಹೊರಗೆ ಹೋದಂತೆ. ಹಿಡಿತದಲ್ಲಿ ಏನೂ ಗುಟ್ಟಿಲ್ಲ: ತೋರುಬೆರಳು, ನಡುಬೆರಳು ಸೀಮ್ (ಚೆಂಡಿನ ಹೊಲಿಗೆ) ಮೇಲೆ ಸ್ವಲ್ಪ ಅಗಲವಾಗಿ, ಹೆಬ್ಬೆರಳು ಕೆಳಗೆ. ಬಿಡುವ ಕ್ಷಣದಲ್ಲಿ ತೋರುಬೆರಳು ಚೆಂಡಿನ ಮೇಲಿಂದ ಎಡಬದಿಗೆ ಜಾರುತ್ತೆ, ಮಣಿಕಟ್ಟು ಬಾಗಿಲಿನ ಗುಂಡು ಹಿಡಿಯನ್ನು ಎಡಕ್ಕೆ ತಿರುಗಿಸಿದ ಹಾಗೆ ತಿರುಗುತ್ತೆ. ಇಷ್ಟನ್ನು ಎಷ್ಟೋ ಬೌಲರ್‌ಗಳು ಮಾಡುತ್ತಾರೆ.

ಬೇರೆಯಾಗಿದ್ದು ಎರಡು ಕಡೆ. ಒಂದು, ಅವರ ಮಣಿಕಟ್ಟು ವಿಪರೀತ ಬಳುಕುತ್ತೆ. ಹಾಗಾಗಿ ಕಟರ್ ಹಾಕಲು ತೋಳನ್ನು ನಿಧಾನ ಮಾಡಬೇಕಾಗಿಲ್ಲ, ಮೊಣಕೈ ಇಳಿಸಬೇಕಾಗಿಲ್ಲ. ಗಂಟೆಗೆ 135 ಕಿ.ಮೀ. ಆಸುಪಾಸಿನ ಚೆಂಡಿಗೆ ಯಾವ ವೇಗದಲ್ಲಿ ತೋಳು ಬರುತ್ತೋ, 115-120ರ ಕಟರ್‌ಗೂ ಅದೇ ವೇಗದಲ್ಲಿ ಬರುತ್ತೆ. ಬ್ಯಾಟರ್ ನೋಡೋದು ತೋಳನ್ನು, ಚೆಂಡು ಬರೋದು ತಡವಾಗಿ. ಎರಡು, ಅವರು ಬೆರಳಿನಿಂದ ಚೆಂಡನ್ನು ಬರೀ ಉಜ್ಜುವುದಿಲ್ಲ, ನಿಜವಾಗಿಯೇ ಸುತ್ತು ಕೊಡುತ್ತಾರೆ. ಆದ್ದರಿಂದ ಒಣಗಿದ, ಹಿಡಿತ ಇರುವ ಪಿಚ್‌ನಲ್ಲಿ ಅದು ಬಿದ್ದು, ಒಂದು ಗಳಿಗೆ ನಿಂತು, ತಿರುಗಿ, ಏಳುತ್ತೆ. ಅಷ್ಟರಲ್ಲಿ ಬ್ಯಾಟು ಮುಂದೆ ಹೋಗಿ ಆಗಿರುತ್ತೆ, ಕವರ್ ಅಥವಾ ಪಾಯಿಂಟ್ ಕಡೆ ಕ್ಯಾಚ್ ಏಳುತ್ತೆ.

ಈ ಎಸೆತ ಹುಟ್ಟಿದ್ದು ನೆಟ್ಸ್‌ನಲ್ಲಿ. ಬಾಂಗ್ಲಾ ಬ್ಯಾಟರ್ ಅನಾಮುಲ್ ಹಕ್ ಬ್ಯಾಟಿಂಗ್ ಮಾಡುವಾಗ ನಿಧಾನದ ಚೆಂಡು ಹಾಕಲು ಬರುತ್ತಾ ಎಂದು ಕೇಳಿದರಂತೆ, ಹುಡುಗ ಹಾಕಿ ನೋಡಿದ. ಹುಟ್ಟೂರು ಸಾತ್‌ಖೀರಾ ಜಿಲ್ಲೆಯ ಕಾಲಿಗಂಜ್ ಕಡೆಯ ತೆತುಲಿಯಾ ಹಳ್ಳಿ, ಬಾಂಗ್ಲಾದ ನೈರುತ್ಯ ಮೂಲೆ, ಸುಂದರಬನದ ಹತ್ತಿರ. ಅಭ್ಯಾಸಕ್ಕೆಂದು ಅಣ್ಣ ಬೈಕಿನಲ್ಲಿ ಸುಮಾರು 40 ಕಿಲೋಮೀಟರ್ ಕರೆದುಕೊಂಡು ಹೋಗುತ್ತಿದ್ದರು ಅನ್ನೋದು ಆ ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. 2012ರಲ್ಲಿ ಢಾಕಾದ ವೇಗಿಗಳ ಶಿಬಿರ, 2014ರಲ್ಲಿ ಅಂಡರ್-19 ವಿಶ್ವಕಪ್, ಅದೇ ವರ್ಷ ಖುಲ್ನಾ ಪರ ಪ್ರಥಮ ದರ್ಜೆ ಪದಾರ್ಪಣೆ. 2015ರ ಏಪ್ರಿಲ್ 24ಕ್ಕೆ ಪಾಕಿಸ್ತಾನದ ಎದುರು ಮೊದಲ ಟಿ20, ಮೊದಲ ಬಲಿ ಶಾಹಿದ್ ಅಫ್ರಿದಿ. ಆಗಿನ್ನೂ 19 ವರ್ಷ.

ಭಾರತದ ಸರಣಿಯನ್ನೇ ಹತ್ತಿರದಿಂದ ನೋಡಿ. ಜೂನ್ 18ರಂದು 50 ರನ್‌ಗೆ 5 ವಿಕೆಟ್, ಜೂನ್ 21ರಂದು 43ಕ್ಕೆ 6. ಮೊದಲೆರಡು ಏಕದಿನದಲ್ಲಿ 11 ವಿಕೆಟ್ ಅದಕ್ಕೂ ಮುಂಚೆ ಯಾರೂ ತೆಗೆದಿರಲಿಲ್ಲ. ರೋಹಿತ್ ಶರ್ಮಾ, ಸುರೇಶ್ ರೈನಾ ಇಬ್ಬರೂ ಮೂರೂ ಪಂದ್ಯದಲ್ಲಿ ಅವರಿಗೇ ಔಟ್. ಒಬ್ಬ ಬಲಗೈ, ಒಬ್ಬ ಎಡಗೈ ಅನ್ನೋದನ್ನು ಗಮನಿಸಿ. ಬಲಗೈಯವರಿಗೆ ಹೊರಗೆ ಹೋಗುವ ಅದೇ ಕಟರ್ ಎಡಗೈಯವರಿಗೆ ಒಳಗೆ ಬರುತ್ತೆ. ರೈನಾ ಎರಡು ಸಲ ಬೌಲ್ಡ್ ಆದದ್ದು ಸುಮ್ಮನೆ ಅಲ್ಲ.

ಮೂಳೆ_ಕೀಲು

ಭುಜದ ವಿಷಯ. 2016ರ ಜುಲೈನಲ್ಲಿ ಸಸೆಕ್ಸ್ ಪರ ಕೌಂಟಿ ಟಿ20ಗೆ ಹೋದರು. ಎಸೆಕ್ಸ್ ಎದುರಿನ ಮೊದಲ ಪಂದ್ಯದಲ್ಲೇ 23ಕ್ಕೆ 4. ಬೆನ್ನಲ್ಲೇ ಎಡಭುಜ ಕೈಕೊಟ್ಟಿತು. ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ಶಸ್ತ್ರಚಿಕಿತ್ಸೆ, ಡಿಸೆಂಬರ್ ಕೊನೆಗೆ ಕ್ರೈಸ್ಟ್‌ಚರ್ಚ್‌ನಲ್ಲಿ ನ್ಯೂಜಿಲೆಂಡ್ ಎದುರು ಮತ್ತೆ ಮೈದಾನಕ್ಕೆ.

ಹರಿದಿದ್ದು ಲೇಬ್ರಮ್‌ನ ಮೇಲ್ಭಾಗ. ಭುಜದ ಗುಳಿ ತುಂಬ ಆಳ ಇರಲ್ಲ. ಅದರ ಅಂಚಿನ ಸುತ್ತ ಮೆತ್ತನೆಯ ಮೂಳೆಯ ಒಂದು ಬಳೆ ಇರುತ್ತೆ, ಅದೇ ತೋಳಿನ ಮೂಳೆಯ ತಲೆಯನ್ನು ಗುಳಿಯಲ್ಲಿ ಕೂರಿಸಿಡೋದು. ಬೈಸೆಪ್ಸ್ ಸ್ನಾಯುವಿನ ಒಂದು ಸ್ನಾಯುರಜ್ಜು ಆ ಬಳೆಯ ತುದಿಗೇ ಅಂಟಿಕೊಂಡಿರುತ್ತೆ. ತೋಳು ತಲೆಯ ಮೇಲಿಂದ ರಭಸವಾಗಿ ಬಂದು, ಚೆಂಡು ಬಿಟ್ಟ ಮೇಲೆ ತಟ್ಟನೆ ನಿಧಾನವಾಗುವಾಗ ಆ ಸ್ನಾಯುರಜ್ಜು ಬಳೆಯನ್ನು ಜಗ್ಗುತ್ತೆ. ಸಾವಿರಾರು ಸಲ ಜಗ್ಗಿದರೆ ಸುಲಿದು ಬರುತ್ತೆ. ಕಟರ್ ಹಾಕುವಾಗ ಪೂರ್ತಿ ತೋಳಿನ ವೇಗದ ಜೊತೆಗೆ ಮುಂಗೈ ತಿರುಚುವಿಕೆಯೂ ಸೇರುತ್ತೆ. ಅವರ ವಿಶೇಷವೇ ಅದು, ಹೊರೆಯೂ ಅದೇ.

ಈ ಬಗೆಯ ದುರಸ್ತಿ ಆದ ಮೇಲೆ ಸಾಮಾನ್ಯವಾಗಿ ಮೂರ್ನಾಲ್ಕು ವಾರ ಕೈ ಜೋಲಿಯಲ್ಲಿ. ಆಮೇಲೆ ಕೀಲಿನ ಚಲನೆ ವಾಪಸ್ ತರೋದು, ಮೂರು ತಿಂಗಳ ಹೊತ್ತಿಗೆ ಬಲ, ನಾಲ್ಕರಿಂದ ಆರು ತಿಂಗಳಲ್ಲಿ ಎಸೆಯುವುದು. ಪಂದ್ಯ ಆಡಬಹುದು ಅನ್ನೋ ಸ್ಥಿತಿ ಬೇಗ ಬರುತ್ತೆ, ಭುಜ ತೀರ ಹಿಂದಕ್ಕೆ ಹೋಗಿ ಬರುವ ಆ ಕೊನೆಯ ಚೂರು ತಡವಾಗಿ ಬರುತ್ತೆ, ಕೆಲವರಿಗೆ ಬರೋದೇ ಇಲ್ಲ. ಮುಸ್ತಾಫಿಜುರ್ ನಾಲ್ಕೂವರೆ ತಿಂಗಳಿಗೇ ಅಂತಾರಾಷ್ಟ್ರೀಯ ಪಂದ್ಯ ಆಡಿದರು. 2017ರಲ್ಲಿ ಅವರ ವೇಗ ಇಳಿದಿತ್ತು, ಕಟರ್‌ನಲ್ಲಿ ಮೊದಲಿನ ಕಚ್ಚು ಇರಲಿಲ್ಲ. ವೇಗ ಇಳಿದಾಗ ಆಗುವ ನಷ್ಟ ಬರೀ ವೇಗದ್ದಲ್ಲ. 137 ಮತ್ತು 117ರ ನಡುವಿನ ಅಂತರ 128 ಮತ್ತು 117 ಆದಾಗ ಬ್ಯಾಟರ್‌ಗೆ ತಪ್ಪು ಮಾಡಲು ಜಾಗ ಅರ್ಧಕ್ಕಿಳಿಯುತ್ತೆ.

2018ರಲ್ಲಿ ಮುಂಬೈ ಇಂಡಿಯನ್ಸ್‌ನಿಂದ ಮತ್ತೆ ಗಾಯಗೊಂಡು ಮರಳಿದಾಗ, ಎರಡು ವರ್ಷ ವಿದೇಶಿ ಲೀಗ್ ಬೇಡ ಎಂದು ಬಾಂಗ್ಲಾ ಮಂಡಳಿ ತಡೆದದ್ದು ಸರಿಯಾದ ನಿರ್ಧಾರ. ಎರಡು ವರ್ಷ ಮುಂಚೆಯೇ ತಡೆಯಬೇಕಿತ್ತು. ಐಪಿಎಲ್ ಫೈನಲ್‌ಗೆ ಮುಂಚೆ ತೊಡೆಯ ಹಿಂಬದಿಯ ಸ್ನಾಯು ಹಿಡಿದುಕೊಂಡು ಒಂದು ಪಂದ್ಯ ಬಿಟ್ಟಿದ್ದ 20 ವರ್ಷದ ಹುಡುಗನನ್ನು ಎರಡು ತಿಂಗಳೊಳಗೆ ಇಂಗ್ಲೆಂಡಿಗೆ ಆಡಲು ಕಳಿಸಿದ್ದೇ ತಪ್ಪು.

ಮೀರ್‌ಪುರ_ಮಣ್ಣು

ಮೂಳೆ_ಕೀಲು ಅವರ ವೈದ್ಯಕೀಯ ವಿವರಣೆ ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಭುಜದ ಮೇಲೆ ಹಾಕುವುದನ್ನು ಒಪ್ಪಲ್ಲ.

2017ರ ಮಾರ್ಚ್, ಕೊಲಂಬೊದ ಪಿ. ಸಾರಾ ಓವಲ್, ಶ್ರೀಲಂಕಾ ಎದುರು ಬಾಂಗ್ಲಾದೇಶದ 100ನೇ ಟೆಸ್ಟ್. ಶಸ್ತ್ರಚಿಕಿತ್ಸೆಯಾಗಿ ಏಳೇ ತಿಂಗಳು. ಎರಡನೇ ಇನಿಂಗ್ಸ್‌ನಲ್ಲಿ ಕುಶಲ್ ಮೆಂಡಿಸ್, ಚಾಂಡಿಮಾಲ್, ಧನಂಜಯ ಡಿಸಿಲ್ವ ಮೂವರೂ ಮುಸ್ತಾಫಿಜುರ್ ಎಸೆತಕ್ಕೆ ಕೀಪರ್ ಮುಷ್ಫಿಕುರ್ ಕೈಗೆ. ಆ ಟೆಸ್ಟ್ ಗೆದ್ದಿದ್ದರಲ್ಲಿ ಆ ಸ್ಪೆಲ್‌ನದು ದೊಡ್ಡ ಪಾಲು. 2018ರ ಏಷ್ಯಾ ಕಪ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಕೊನೆ ಓವರಿಗೆ 8 ಬೇಕಿತ್ತು. ಸ್ನಾಯು ಸೆಳೆತದಲ್ಲೇ ಓಡಿ ಬಂದು ಬಾಂಗ್ಲಾವನ್ನು 3 ರನ್‌ನಿಂದ ಗೆಲ್ಲಿಸಿದರು. 2019ರ ವಿಶ್ವಕಪ್‌ನಲ್ಲಿ 8 ಪಂದ್ಯಕ್ಕೆ 20 ವಿಕೆಟ್, ಎಜ್‌ಬಾಸ್ಟನ್‌ನಲ್ಲಿ ಭಾರತದ ಎದುರು, ಮೂರು ದಿನ ಬಿಟ್ಟು ಲಾರ್ಡ್ಸ್‌ನಲ್ಲಿ ಪಾಕಿಸ್ತಾನದ ಎದುರು ಐದೈದು. ಮುಗಿದುಹೋದ ಬೌಲರ್ ಇದನ್ನೆಲ್ಲ ಮಾಡಲ್ಲ.

ನಿಜವಾದ ಕೊರತೆ ಬೇರೆ. ಬಲಗೈ ಬ್ಯಾಟರ್‌ಗೆ ಒಳಗೆ ಬರುವ ಚೆಂಡು ಅವರ ಹತ್ತಿರ ಇರಲಿಲ್ಲ. ಕೋನವೂ ಹೊರಗೆ, ಕಟರ್ ಕೂಡ ಹೊರಗೆ. ಮೊದಲ ವರ್ಷ ಗೊತ್ತಿಲ್ಲದೆ ಔಟಾದರು. ಆಮೇಲೆ ವಿಡಿಯೊ ನೋಡಿಕೊಂಡು ಬಂದ ಬ್ಯಾಟರ್‌ಗಳು ಕ್ರೀಸ್‌ನಲ್ಲಿ ಆಳವಾಗಿ ನಿಂತು, ಎಲ್‌ಬಿಡಬ್ಲ್ಯು ಭಯವಿಲ್ಲದೆ ತಡವಾಗಿ ಆಡಲು ಶುರುಮಾಡಿದರು. ಒಳಗೆ ತರುವ ಸ್ವಿಂಗ್ ಮೇಲೆ ಓಟಿಸ್ ಗಿಬ್ಸನ್ ಬೌಲಿಂಗ್ ಕೋಚ್ ಆಗಿದ್ದಾಗ ಬಹಳ ಕೆಲಸ ನಡೆಯಿತು. ಹೊಸ ಚೆಂಡಿನಲ್ಲಿ ಅದರ ಫಲ ಕಂಡಿತು, ಆದರೆ ಅದು ಎಂದೂ ಕಟರ್‌ನಷ್ಟು ಸಲೀಸಾಗಲಿಲ್ಲ.

ಇನ್ನು ಪಿಚ್. 2021ರ ಆಗಸ್ಟ್‌ನಲ್ಲಿ ಮೀರ್‌ಪುರದಲ್ಲಿ ಆಸ್ಟ್ರೇಲಿಯಾ ಎದುರಿನ ಮೂರನೇ ಟಿ20 ನೋಡಿ. ಬಾಂಗ್ಲಾ ಹೊಡೆದದ್ದು 127. ಆಸ್ಟ್ರೇಲಿಯಾಕ್ಕೆ ಕೊನೆ ಎರಡು ಓವರಿಗೆ 23 ಬೇಕು. 19ನೇ ಓವರ್ ಮುಸ್ತಾಫಿಜುರ್ ಅವರದ್ದು, ಡ್ಯಾನ್ ಕ್ರಿಶ್ಚಿಯನ್ ಎದುರು ಕೊಟ್ಟದ್ದು ಒಂದೇ ರನ್. ಒಟ್ಟು 4 ಓವರ್, 9 ರನ್, ವಿಕೆಟ್ ಇಲ್ಲ. ವಿಕೆಟ್ ಇಲ್ಲದ ಸ್ಪೆಲ್ ಒಂದು ಪಂದ್ಯ ಗೆಲ್ಲಿಸಿದ್ದನ್ನು ನೋಡಬೇಕಾದರೆ ಅದನ್ನೇ ನೋಡಿ. ಸರಣಿ 4-1. ಅದಾದ ಎರಡು ತಿಂಗಳಿಗೆ ಯುಎಇಯ ಟಿ20 ವಿಶ್ವಕಪ್‌ನಲ್ಲಿ ಅದೇ ಬೌಲರ್ ದುಬಾರಿಯಾದರು. ಅಷ್ಟರಲ್ಲಿ ಭುಜ ಬದಲಾಗಿರಲಿಲ್ಲ, ಬದಲಾಗಿದ್ದು ನೆಲ.

2024ರ ಐಪಿಎಲ್ ಕೂಡ ಹಾಗೆಯೇ. ಚೆಪಾಕ್‌ನಲ್ಲಿ ಮೊದಲ ಪಂದ್ಯದಲ್ಲೇ ಚೆನ್ನೈ ಪರ ಆರ್‌ಸಿಬಿ ಎದುರು 29ಕ್ಕೆ 4: ಡುಪ್ಲೆಸಿ, ಪಾಟೀದಾರ್, ಕೊಹ್ಲಿ, ಗ್ರೀನ್. ಮುಂಬೈನ ವಾಂಖೆಡೆಗೆ ಹೋದಾಗ 4 ಓವರಿಗೆ 55. ಕೆಂಪುಮಣ್ಣಿನ, ಚೆಂಡು ನೇರ ಬ್ಯಾಟಿಗೆ ಬರುವ ಪಿಚ್‌ನಲ್ಲಿ ಕಟರ್ ತಿರುಗದಿದ್ದರೆ ಅದು ಬರೀ 118ರ ಅರ್ಧಪಿಚ್ ಚೆಂಡು.

ಚಿನ್ನಸ್ವಾಮಿ_ಗ್ಯಾಲರಿ

ಪಿಚ್ ವಾದಕ್ಕೆ ಒಂದು ತಿದ್ದುಪಡಿ. ನಮ್ಮ ಚಿನ್ನಸ್ವಾಮಿ ಬೌಲರ್‌ಗಳಿಗೆ ನರಕ ಅಂತ ಎಲ್ಲರಿಗೂ ಗೊತ್ತು. 2016ರ ಏಪ್ರಿಲ್ 12ರಂದು ಇಲ್ಲೇ ಮುಸ್ತಾಫಿಜುರ್ ಮೊದಲ ಐಪಿಎಲ್ ಪಂದ್ಯ ಆಡಿದ್ದು. ಆರ್‌ಸಿಬಿ 4 ವಿಕೆಟ್‌ಗೆ 227 ಹೊಡೆದ ದಿನ ಅವರು 4 ಓವರಿಗೆ ಕೊಟ್ಟಿದ್ದು 26, ತೆಗೆದದ್ದು ಡಿವಿಲಿಯರ್ಸ್ ಮತ್ತು ವಾಟ್ಸನ್. ಆ ನೆಲದಲ್ಲಿ, ಆ ಸ್ಕೋರಿನಲ್ಲಿ ಓವರಿಗೆ ಆರೂವರೆ! ಅಂದರೆ 2016ರಲ್ಲಿ ಪಿಚ್ ಸಹಾಯ ಮಾಡದಿದ್ದರೂ ಅವರು ನಡೆಸುತ್ತಿದ್ದರು. ನಾಲ್ಕು ದಿನ ಬಿಟ್ಟು ಹೈದರಾಬಾದಿನಲ್ಲಿ ಆಂಡ್ರೆ ರಸೆಲ್‌ಗೆ ಹಾಕಿದ ಯಾರ್ಕರ್ (ಬ್ಯಾಟರ್‌ನ ಕಾಲಬುಡಕ್ಕೆ ಬೀಳುವ ಚೆಂಡು) ನೆನಪಿಸಿಕೊಳ್ಳಿ. ಸ್ಟಂಪ್ ಹಾರಿತು, ರಸೆಲ್ ನೆಲಕ್ಕೆ ಬಿದ್ದರು. ಕಟರ್ ಬರಬಹುದು ಎಂದು ಕಾಯುವವನಿಗೆ ಅಷ್ಟು ವೇಗದ ಯಾರ್ಕರ್ ಬಂದರೆ ಕಾಲು ತೆಗೆಯಲೂ ಪುರುಸೊತ್ತು ಸಿಗಲ್ಲ. ಆ ಯಾರ್ಕರ್‌ನ ರಭಸ ಭುಜದಿಂದ ಬಂದದ್ದು. ಹಾಗಾಗಿ ಇಬ್ಬರ ಮಾತೂ ಕೂಡಿಸಿ ಓದಿಕೊಳ್ಳಬೇಕು: ಭುಜ ಗಟ್ಟಿ ಇದ್ದಾಗ ಅವರಿಗೆ ಪಿಚ್ ಬೇಕಿರಲಿಲ್ಲ. ಆಮೇಲೆ ಬೇಕಾಯಿತು.

ಅದೇ ವರ್ಷ ಮಾರ್ಚ್ 23ರಂದು ಟಿ20 ವಿಶ್ವಕಪ್‌ನಲ್ಲಿ ಬಾಂಗ್ಲಾ ಎದುರು ಭಾರತ 1 ರನ್‌ನಿಂದ ಗೆದ್ದ ಪಂದ್ಯದಲ್ಲಿ ಕೊನೆ ಚೆಂಡಿಗೆ ಧೋನಿ ಓಡಿ ಬಂದು ರನ್ ಔಟ್ ಮಾಡಿದ್ದೂ ಇವರನ್ನೇ, ಮೇ 29ರಂದು ಐಪಿಎಲ್ ಫೈನಲ್ ಗೆದ್ದು ಕಪ್ ಎತ್ತಿದ್ದೂ ಇದೇ ಮೈದಾನದಲ್ಲಿ. ಎರಡೇ ತಿಂಗಳ ಅಂತರ.

ಟೆಸ್ಟ್ ಬಗ್ಗೆ ಯಾರೂ ಹೇಳಲಿಲ್ಲ. 2015ರ ಜುಲೈನಲ್ಲಿ ಚಟ್ಟೋಗ್ರಾಮದಲ್ಲಿ ದಕ್ಷಿಣ ಆಫ್ರಿಕಾ ಎದುರು ಮೊದಲ ಟೆಸ್ಟ್‌ನಲ್ಲೇ 37ಕ್ಕೆ 4. ಒಂದೇ ಓವರಿನ ನಾಲ್ಕು ಚೆಂಡಿನಲ್ಲಿ ಆಮ್ಲಾ, ಡುಮಿನಿ, ಡಿಕಾಕ್. ಏಕದಿನ, ಟೆಸ್ಟ್ ಎರಡರ ಪದಾರ್ಪಣೆಯಲ್ಲೂ ಪಂದ್ಯಶ್ರೇಷ್ಠರಾದ ಮೊದಲಿಗರು. ಆದರೂ 15 ಟೆಸ್ಟ್, 31 ವಿಕೆಟ್‌ಗೆ ನಿಂತಿದೆ. ತವರಿನಲ್ಲಿ ಬಾಂಗ್ಲಾ ಟೆಸ್ಟ್ ಆಡೋದು ಸ್ಪಿನ್ ಪಿಚ್‌ನಲ್ಲಿ, ವೇಗಿಗೆ ಓವರ್‌ಗಳೇ ಸಿಗಲ್ಲ. ಹೊರಗೆ ದಿನಕ್ಕೆ 18-20 ಓವರ್ ಹಾಕಲು ಆ ಭುಜಕ್ಕೆ ಆಗಲ್ಲ. ಕೆಂಪು ಚೆಂಡು ಬಿಟ್ಟಿದ್ದನ್ನು ಆಸೆಬುರುಕತನ ಎಂದವರ ಮಾತನ್ನು ನಾನು ಒಪ್ಪಲ್ಲ. ಬಿಟ್ಟಿದ್ದರಿಂದಲೇ 2024ರಲ್ಲಿ ಅಮೆರಿಕದ ಎದುರು 10ಕ್ಕೆ 6, 2025ರ ಏಷ್ಯಾ ಕಪ್‌ನಲ್ಲಿ 150 ಟಿ20 ವಿಕೆಟ್ ದಾಟಿ ಬಾಂಗ್ಲಾದ ಶಾಕಿಬ್ ಅಲ್ ಹಸನ್‌ರನ್ನೂ ಹಿಂದಿಕ್ಕಲು ಆಗಿದ್ದು.

ನೆಟ್ಸ್_ಕೆಲಸ

ಮೂರನೇ ಪ್ರಶ್ನೆಗೆ. 15-16ರ ಎಡಗೈ ಹುಡುಗರಿಗೆ ಕಲಿಸಬಹುದು, ಆದರೆ ಮೊದಲು ನೇರ ಸೀಮ್‌ನಲ್ಲಿ ಆರರಲ್ಲಿ ನಾಲ್ಕು ಚೆಂಡು ಗುರಿಗೆ ಹಾಕಲು ಬರಬೇಕು. ಅದು ಬಾರದವನಿಗೆ ಕಟರ್ ಕೊಟ್ಟರೆ ಎರಡೂ ಕೆಡುತ್ತೆ.

ಓಟ ಇಲ್ಲದೆ ಶುರುಮಾಡಿ. ಒಂದು ಬದಿಗೆ ಬಣ್ಣದ ಟೇಪ್ ಸುತ್ತಿದ ಹಳೇ ಚೆಂಡು, 10-12 ಮೀಟರ್ ದೂರದಲ್ಲಿ ಇನ್ನೊಬ್ಬ. ನಿಂತಲ್ಲಿಂದಲೇ ತೋಳು ಪೂರ್ತಿ ಸುತ್ತಿ ಬಿಡಬೇಕು. ಬಣ್ಣ ಗಾಳಿಯಲ್ಲಿ ಒಂದೇ ಅಕ್ಷದಲ್ಲಿ ಸುತ್ತುತ್ತಿದ್ದರೆ ಬೆರಳು ಕೆಲಸ ಮಾಡಿದೆ, ಓಲಾಡುತ್ತಿದ್ದರೆ ಅಂಗೈಯಲ್ಲಿ ಹಿಡಿದಿದ್ದಾನೆ. ಚೆಂಡಿಗೂ ಅಂಗೈಗೂ ನಡುವೆ ಬೆಳಕು ಕಾಣಬೇಕು. ಇದು ಕೂತ ಮೇಲೆ ಮೂರು ಹೆಜ್ಜೆ, ಆಮೇಲೆ ಅರ್ಧ ರನ್ ಅಪ್, ಕೊನೆಗೆ ಪೂರ್ತಿ. ಒಂದು ಹಂತ ಹಿಡಿಯಲು ಎರಡು ವಾರ ಹಿಡಿದರೂ ಅವಸರ ಬೇಡ.

ಲೆಂತ್, ಅಂದರೆ ಚೆಂಡು ಎಷ್ಟು ದೂರದಲ್ಲಿ ಬೀಳುತ್ತೆ ಅನ್ನೋದು, ಬಹಳ ಮುಖ್ಯ. ಸ್ಟಂಪ್‌ನಿಂದ 5ರಿಂದ 6.5 ಮೀಟರ್ ನಡುವೆ ಸುಣ್ಣದ ಪಟ್ಟಿ ಎಳೆಯಿರಿ, ಆಫ್ ಸ್ಟಂಪ್ ನೇರಕ್ಕೆ. 8 ಮೀಟರಿಗೆ ಬಿದ್ದ ನಿಧಾನದ ಚೆಂಡು ಎದ್ದು ನಿಂತು ಪುಲ್ ಶಾಟ್‌ಗೆ ಸಿಗುತ್ತೆ. ಕೋನ ಸೇರಿಕೊಳ್ಳುವುದರಿಂದ ಆಫ್ ಸ್ಟಂಪಿನ ಹೊರಗೆ ಬಿದ್ದದ್ದು ವೈಡ್ ಆಗುವ ಅಪಾಯ ಉಂಟು, ಹಾಗಾಗಿ ಮಿಡ್ಲ್-ಆಫ್ ಗುರಿ ಇಟ್ಟು ಶುರುಮಾಡಿಸಿ.

ಕೆಡುವ ಕಡೆಗಳು ಹೆಚ್ಚೂ ಕಡಿಮೆ ಎಲ್ಲರಿಗೂ ಒಂದೇ. ತೋಳು ನಿಧಾನವಾಗೋದು ಮೊದಲನೆಯದು. ಬದಿಯಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು, ವೇಗದ ಚೆಂಡು ಮತ್ತು ಕಟರ್ ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದು, ಸುತ್ತು ಕೊಡುವ ಆತುರದಲ್ಲಿ ತಲೆ ಎಡಕ್ಕೆ ಬೀಳೋದು. ತಲೆ ಬಿದ್ದರೆ ಮೊಣಕೈ ಇಳಿಯುತ್ತೆ, ಹೊರೆಯೆಲ್ಲ ಭುಜದ ಮುಂಭಾಗಕ್ಕೆ ಹೋಗುತ್ತೆ. ಮೇಲೆ ವಿವರಿಸಿದ ಗಾಯಕ್ಕೆ ದಾರಿ ಅದೇ. ಮೂರನೆಯದು, ಮಣಿಕಟ್ಟನ್ನು ಬೇಗ ತಿರುಗಿಸೋದು. ಒಳ್ಳೇ ಬ್ಯಾಟರ್‌ಗೆ ಅದು ಮೊದಲೇ ಕಾಣುತ್ತೆ, ಚೆಂಡು ಜಾರಿ, ನೆಲಕ್ಕೆ ಬೀಳದೆ ಎದೆಮಟ್ಟದ ಫುಲ್ ಟಾಸ್ ಆಗೋದೂ ಹೀಗೆಯೇ.

ಒಂದು ಅಭ್ಯಾಸದಲ್ಲಿ 12-18 ಕಟರ್ ಸಾಕು, ವಾರಕ್ಕೆ ಎರಡು ಅಥವಾ ಮೂರು ದಿನ. ಮಾರನೇ ದಿನ ಭುಜದ ಮೇಲ್ಭಾಗ ನೋವಿದ್ದರೆ ಅಥವಾ ಕೈ ಎತ್ತುವಾಗ ಒಳಗೆ ಟಕ್ ಅಂದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ರಬ್ಬರ್ ಬ್ಯಾಂಡಿನಿಂದ ಹೊರದಿಕ್ಕಿನ ತಿರುವು 15ರ ಮೂರು ಸುತ್ತು, ಬೆನ್ನಿನ ರೆಕ್ಕೆಮೂಳೆಗೆ ರೋಯಿಂಗ್, ಇವೆರಡು ತಪ್ಪಿಸಬಾರದು. ತೋಳನ್ನು ತಡೆದು ನಿಲ್ಲಿಸುವ ಸ್ನಾಯುಗಳು ಅವೇ.

ಕಟರ್ ಜೊತೆಗೆ ಒಳಗೆ ಬರುವ ಒಂದು ಚೆಂಡನ್ನೂ ಕಲಿಸಿ, ಮೊದಲ ದಿನದಿಂದಲೇ. ಮುಸ್ತಾಫಿಜುರ್‌ಗೆ ಅದು 25 ವಯಸ್ಸಿನ ಮೇಲೆ ಕಲಿಯಬೇಕಾಯಿತು.

ಹಳೇಚೆಂಡು

ಎಲ್ಲರಿಗೂ ಧನ್ಯವಾದ, ಬಹಳ ಉಪಯೋಗವಾಯ್ತು. ಒಂದು ಮಾತ್ರ ಉಳೀತು: ಇಬ್ಬನಿ ಇದ್ದಾಗ ಏನು ಮಾಡೋದು? 2024ರಲ್ಲಿ ಚೆಪಾಕ್‌ನಲ್ಲೇ ಲಖನೌ ಎದುರು ಕೊನೆ ಓವರಿಗೆ 17 ಇದ್ದಾಗ ಸ್ಟೋಯಿನಿಸ್ ಮೂರು ಚೆಂಡು ಉಳಿಸಿ ಮುಗಿಸಿಬಿಟ್ಟರಲ್ಲ.

ನೆಟ್ಸ್_ಕೆಲಸ

ಅದು ಸರಿಯಾದ ಉದಾಹರಣೆ. ಚೆಂಡು ಒದ್ದೆಯಾದರೆ ಬೆರಳು ಸೀಮ್ ಹಿಡಿಯಲ್ಲ, ಜಾರುತ್ತೆ. ಸುತ್ತು ಅರ್ಧ ಆಗುತ್ತೆ, ಹುಲ್ಲಿನ ಮೇಲಿನ ತೇವಕ್ಕೆ ಚೆಂಡು ಕಚ್ಚದೆ ಜಾರಿ ಬ್ಯಾಟಿಗೆ ಬರುತ್ತೆ. ಆಗ ಕಟರ್ ಬಿಟ್ಟು ವೈಡ್ ಯಾರ್ಕರ್‌ಗೆ ಹೋಗಬೇಕು, ಫೀಲ್ಡನ್ನೂ ಆಫ್ ಕಡೆ ತುಂಬಿಸಬೇಕು. ಅಭ್ಯಾಸಕ್ಕೆ ಒಂದು ಬಕೆಟ್ ನೀರು ಇಟ್ಟುಕೊಳ್ಳಿ, ಚೆಂಡು ಅದ್ದಿ, ಟವೆಲ್‌ನಲ್ಲಿ ಒಮ್ಮೆ ಮಾತ್ರ ಒರೆಸಿ ಹಾಕಿಸಿ. ವಾರಕ್ಕೆ ಒಂದು ದಿನ 12 ಚೆಂಡು ಸಾಕು. ಒದ್ದೆ ಚೆಂಡಿನಲ್ಲಿ ಸ್ವಲ್ಪ ಗಟ್ಟಿ ಹಿಡಿತ, ಬೆರಳು ಇನ್ನೂ ಒಂದಿಷ್ಟು ಅಗಲ. ಗುರಿ ತಪ್ಪಿದರೆ ಕೆಳಗೆ ತಪ್ಪಲಿ, ಪಾದದ ಹತ್ತಿರದ ಫುಲ್ ಟಾಸ್‌ಗೆ ಒಂದೋ ಎರಡೋ ಹೋಗಬಹುದು, ಸೊಂಟದ ಎತ್ತರದ್ದು ನೇರ ಗ್ಯಾಲರಿಗೆ.